ಅಪ್‌ಡೇಟ್: ಚಿಕನ್ ಕಟ್ಲೆಟ್ ಈಗ ಗರಿಗರಿಯಾಗಿ ಬರುತ್ತಿದೆ

ಮಡಿಕೇರಿ ಮಳೆಯಲ್ಲಿ ಚಿಕನ್ ಕಟ್ಲೆಟ್‌ನ ಬ್ರೆಡ್ ಪುಡಿ ಎಣ್ಣೆಯಲ್ಲೇ ಕಳಚಿಕೊಳ್ಳುತ್ತದೆ, ತೆಗೆದ ಮೇಲೆ ಮೆತ್ತಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮುಖ್ಯ ವಿಷಯ ತೇವ. ಜುಲೈನಲ್ಲಿ ಇಲ್ಲಿ ಉಪ್ಪೇ ನೀರೊಡೆಯುತ್ತದೆ, ಇನ್ನು ಬ್ರೆಡ್ ಪುಡಿ ಗರಿಯಾಗಿ ಉಳಿಯುತ್ತದಾ? ಈಗ ಪುಡಿಯನ್ನು ಸಣ್ಣ ಉರಿಯಲ್ಲಿ, ಬಣ್ಣ ತಿರುಗದ ಹಾಗೆ ಬಿಸಿ ಮಾಡಿ, ಪೂರ್ತಿ ಆರಿಸಿ ಬಳಸುತ್ತಿದ್ದೇನೆ. ಹಾಗಂತ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಬಿಡಲು ಮನಸ್ಸಿಲ್ಲ. ಅರ್ಧ ಕೆಜಿ ಚಿಕನ್‌ಗೆ ಅರ್ಧ ಚಮಚ, ಜೊತೆಗೆ ಉಪ್ಪು, ತೋಟದ ಕರಿಮೆಣಸು ಸವರಿ 20 ನಿಮಿಷ ಇಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸುತ್ತೇನೆ. ಈ ಒರೆಸುವುದನ್ನು ಮಾತ್ರ ಬಿಡಬೇಡಿ.

ಬೋನ್‌ಲೆಸ್ ಪೀಸ್ ಅರ್ಧ ಇಂಚಿಗಿಂತ ದಪ್ಪ ಬೇಡ. ಮೈದಾ, ಮೊಟ್ಟೆ, ಪುಡಿ, ಅದೇ ಕ್ರಮ. ಜಾಸ್ತಿಯಾದ ಮೈದಾ ಕೊಡವಿಬಿಡಿ. ಪುಡಿಯನ್ನು ಅಂಗೈಯಲ್ಲಿ ಒತ್ತಿ ಕಾಲು ಗಂಟೆ ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಎಣ್ಣೆ 175 ಡಿಗ್ರಿ ಆಸುಪಾಸು ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಪುಡಿ ಹಾಕಿ ನೋಡಿ: ತಕ್ಷಣ ಸುತ್ತ ನೊರೆ ಏಳಬೇಕು, ಕಪ್ಪಾಗಬಾರದು. ಒಂದು ಸಲಕ್ಕೆ ಎರಡೇ ಸಾಕು, ತುಂಬಿದರೆ ಎಣ್ಣೆ ತಣ್ಣಗಾಗುತ್ತದೆ. ತೆಗೆದದ್ದನ್ನು ಪೇಪರ್ ಮೇಲೆ ಬೇಡ, ತಂತಿ ಜಾಲರಿ ಮೇಲೆ ಇಡಿ. ಕೆಳಗಿನ ಹಬೆ ಹೊರಗೆ ಹೋಗಬೇಕು ಅಲ್ವಾ. ಮೊನ್ನೆ ಮುರಿದಾಗ ಕರುಮ್ ಅಂತ ಸದ್ದೇ ಬಂತು, ನನಗಂತೂ ತುಂಬಾ ಖುಷಿಯಾಯಿತು.

ಮೈದಾ ಬದಲು ಅಕ್ಕಿ ಹಿಟ್ಟು ಹಾಕಿ ಅಂತ ಒಬ್ಬರು ಹೇಳಿದ್ದರು. ಅದು ಇನ್ನೂ ಬಾಕಿ ಇದೆ, ಈ ಭಾನುವಾರ ಮಾಡುತ್ತೇನೆ.