ಶಾಲಾ ಲೈಬ್ರರಿಯಲ್ಲಿ ಮಳೆಗಾಲದ ಪ್ರದರ್ಶನ: ತೇವದ ಗೋಡೆ, ಎರಡು ಬೀರು, 500 ರೂಪಾಯಿ

ಓದುಮನೆ:
ಮಲೆನಾಡಿನ ಸರ್ಕಾರಿ ಪ್ರೌಢಶಾಲೆ. ಗ್ರಂಥಪಾಲಕರಿಲ್ಲ, ಲೈಬ್ರರಿ ಕನ್ನಡ ಶಿಕ್ಷಕರ ಪಾಲಿಗೆ. ಸುಮಾರು 1,200 ಪುಸ್ತಕ, ಎರಡು ಬೀರು, ಒಂದು ಉದ್ದನೆಯ ಮೇಜು, ವಾರಕ್ಕೊಂದು ಪೀರಿಯಡ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಪ್ರದರ್ಶನ ಇಡಬೇಕು. ಗೋಡೆಗೆ ಅಂಟಿಸಿದ ಚಾರ್ಟ್ ನಾಲ್ಕೇ ದಿನಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಮಕ್ಕಳು ಬರೀ ನೋಡಿಕೊಂಡು ಹೋಗಬಾರದು, ಕೈಯಾರೆ ಏನಾದರೂ ಮಾಡಬೇಕು. ಖರ್ಚು 500 ರೂಪಾಯಿ ದಾಟುವಂತಿಲ್ಲ. ಹೇಗೆ ಮಾಡೋದು?

ಕಪಾಟಿನಕೀಲಿ:
ಗೋಡೆಯ ಆಸೆ ಬಿಟ್ಟುಬಿಡಿ. ಕಿಟಕಿ ಕಂಬಿಯಿಂದ ಕಂಬಿಗೆ ನೈಲಾನ್ ಹಗ್ಗ ಬಿಗಿದು, ಬಟ್ಟೆ ಕ್ಲಿಪ್ಪಿನಲ್ಲಿ ಚಾರ್ಟ್ ತೂಗುಹಾಕಿ. ಗೋಡೆಗೂ ಕಾಗದಕ್ಕೂ ನಡುವೆ ನಾಲ್ಕು ಬೆರಳಷ್ಟು ಗಾಳಿ ಆಡಲಿ. ಸೆಣಬಿನ ಹುರಿ ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಗುಂಡುಪಿನ್ನಿನ ತುಕ್ಕು ಕಾಗದಕ್ಕೆ ಇಳಿಯುತ್ತದೆ. ಮೈದಾ ಅಂಟಂತೂ ಬೇಡವೇ ಬೇಡ. ಅದರ ಆಸೆಗೆ ಬಂದ ಜಿರಳೆ ಮೊದಲು ಚಾರ್ಟು ತಿನ್ನುತ್ತದೆ, ಆಮೇಲೆ ಪುಸ್ತಕದ ಬೆನ್ನು.

ಮೇಜಿನ ಮೇಲೆ 12ರಿಂದ 15 ಪುಸ್ತಕ, ಮುಖಪುಟ ಕಾಣುವಂತೆ. ಮೂವತ್ತು ಇಟ್ಟರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಸ್ಟ್ಯಾಂಡಿಗೆ ಹಳೆಯ ರಟ್ಟಿನ ಪೆಟ್ಟಿಗೆ ಸಾಕು. 50 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, 15 ಸೆಂ.ಮೀ.ಗೊಂದರಂತೆ ಮೂರು ಗೆರೆಗಳನ್ನು ಇಂಕು ಮುಗಿದ ಪೆನ್ನಿನಿಂದ ಒತ್ತಿ ಎಳೆದು, ತ್ರಿಕೋನವಾಗಿ ಮಡಿಸಿ ಟೇಪ್ ಹಾಕಿ. ಉಳಿದ 5 ಸೆಂ.ಮೀ. ಮುಂದಕ್ಕೆ ಚಾಚಿರಲಿ, ಅದರ ತುದಿಯನ್ನು 2 ಸೆಂ.ಮೀ. ಮೇಲಕ್ಕೆ ಮಡಿಸಿದರೆ ಪುಸ್ತಕ ಜಾರುವುದಿಲ್ಲ.

ಇನ್ನೊಂದು ಮಾತು: ಪ್ರದರ್ಶನದಲ್ಲಿರುವ ಪುಸ್ತಕ ಕೇಳಿದ ಮಗುವಿಗೆ ಅಲ್ಲೇ, ಆಗಲೇ ಕೊಡಿ. "ಪ್ರದರ್ಶನ ಮುಗಿಯಲಿ" ಎಂದರೆ ಆ ಮಗು ಮತ್ತೆ ಕೇಳುವುದಿಲ್ಲ. ಖಾಲಿಯಾದ ಜಾಗಕ್ಕೆ ಬೇರೊಂದು ಬರಲಿ. ಬೀರುವಿನಲ್ಲಿ ಅದರ ಸ್ಥಳದಲ್ಲಿ ಅಕ್ಸೆಶನ್ ನಂಬರ್ (ಲೈಬ್ರರಿ ದಾಖಲೆಯಲ್ಲಿ ಆ ಪುಸ್ತಕದ ಕ್ರಮಸಂಖ್ಯೆ) ಬರೆದ ಚೀಟಿ ಇರಲಿ. ಇಲ್ಲದಿದ್ದರೆ ಸ್ಟಾಕ್ ನೋಡುವಾಗ ಪುಸ್ತಕ ಕಳೆದುಹೋಯಿತೆಂದು ಹುಡುಕಾಟ.

ಮಳೆಲೆಕ್ಕ:
ತಿಂಗಳಿನ ಬದಲು ಮಳೆ ನಕ್ಷತ್ರದಂತೆ ಪ್ರದರ್ಶನ ಬದಲಿಸಿ. ಒಂದೊಂದು ಮಳೆ ಹದಿಮೂರು–ಹದಿನಾಲ್ಕು ದಿನ, ಅಂದರೆ ಎರಡು ಲೈಬ್ರರಿ ಪೀರಿಯಡ್. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, 21ರ ಆಸುಪಾಸಿಗೆ ಆರಿದ್ರ, ಹೀಗೆ ಅಕ್ಟೋಬರ್ ಕೊನೆಗೆ ಸ್ವಾತಿ. ಖಚಿತ ದಿನಕ್ಕೆ ಆ ವರ್ಷದ ಪಂಚಾಂಗ ನೋಡಿ. "ಆರಿದ್ರ ಮಳೆ ಆರದೆ ಹುಯ್ಯುತ್ತೆ" ತರಹದ ಗಾದೆಗಳನ್ನು ಮಕ್ಕಳು ಅಜ್ಜ ಅಜ್ಜಿಯನ್ನು ಕೇಳಿ ಬರೆದು ತರಲಿ, ಹೇಳಿದವರ ಊರಿನ ಹೆಸರೂ ಇರಲಿ. ಒಂದೇ ಗಾದೆ ಊರಿಂದೂರಿಗೆ ಬೇರೆಯಾಗುವುದು ಆಗ ಹಗ್ಗದ ಮೇಲೆ ಕಾಣುತ್ತದೆ.

ಗಾದೆ ನಿಜವೇ ಎಂದು ಅಳೆದೇ ನೋಡಲಿ. 2 ಲೀಟರಿನ, ನೇರ ಮೈಯ ಬಾಟಲಿ ತನ್ನಿ. ಕುತ್ತಿಗೆಯ ಕಡೆ ಬಾಗು ಶುರುವಾಗುವುದಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಕೂರಿಸಿ. ಬಾಗಿನಲ್ಲೇ ಕತ್ತರಿಸಿದರೆ ಬಾಯಿ ಮೈಗಿಂತ ಕಿರಿದಾಗಿ ಮಳೆ ಕಡಿಮೆ ತೋರಿಸುತ್ತದೆ. ತಳ ಉಬ್ಬುತಗ್ಗು, ಆದ್ದರಿಂದ ಬೆಣಚುಕಲ್ಲು ಹಾಕಿ, ನೇರ ಮೈ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತಿಸಿ. ಅಲ್ಲಿಂದ ಮೇಲೆ ಸ್ಕೇಲಿನ 1 ಮಿ.ಮೀ. ಅಂದರೆ 1 ಮಿ.ಮೀ. ಮಳೆ, ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಮರ, ಕಟ್ಟಡದಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ, ಮಗುಚದಂತೆ ಇಟ್ಟಿಗೆಗಳ ನಡುವೆ ಇಡಿ.

ಓದುಮನೆ:
ಗಾದೆ ಮತ್ತು ಬಾಟಲಿ ಎರಡೂ ಆಗುತ್ತವೆ. ಭಾನುವಾರದ ಅಳತೆ?

ಮಳೆಲೆಕ್ಕ:
ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಆದೀತು, ಆದರೆ ದಿನವೂ ಒಂದೇ ಹೊತ್ತು ಇರಲಿ. ಸೋಮವಾರದ ಅಳತೆಯನ್ನು "ಎರಡು ದಿನದ ಒಟ್ಟು" ಎಂದೇ ಬರೆಯಿಸಿ, ಅರ್ಧ ಮಾಡಿ ಹಂಚಬೇಡಿ. ಅಳೆದ ಮೇಲೆ ನೀರನ್ನು ಸೊನ್ನೆ ಗೆರೆಗೆ ತರುವುದನ್ನು ಮಕ್ಕಳು ಮರೆಯುತ್ತಾರೆ, ಹೆಚ್ಚಿನ ತಪ್ಪು ಅಲ್ಲೇ.

ಕಪಾಟಿನಕೀಲಿ:
ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಅಷ್ಟರಲ್ಲಿ ಮಳೆ ಲೆಕ್ಕದ ನೋಟ್‌ಬುಕ್ಕಿಗೆ ರಟ್ಟು ಕಟ್ಟಿಸಿ, ಅಕ್ಸೆಶನ್ ನಂಬರ್ ಕೊಟ್ಟು, ಬೆನ್ನಿಗೆ 551.577 ಎಂದು ಬರೆಯಿರಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಮಳೆಯ ಸಂಖ್ಯೆ ಅದು. ಮುಂದಿನ ಜೂನಿನ ಪ್ರದರ್ಶನಕ್ಕೆ ಮೊದಲ ಪುಸ್ತಕ ಅದೇ ಆಗಲಿ.