ಟೈಗರ್ ಶಾರ್ಕ್ ಬೆಳೆಯುತ್ತಿದೆ, ನಿಯಾನ್ ಟೆಟ್ರಾ ಕಡಿಮೆಯಾಗುತ್ತಿವೆ. ಏನು ಮಾಡಲಿ?

ತುಮಕೂರಿನವ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಮೀನಿನ ಟ್ಯಾಂಕ್ ಇದೆ, ಸುಮಾರು 54 ಲೀಟರ್. ಯುಗಾದಿಗೆ ಮಗಳಿಗೆ ಅಂತ ತಂದದ್ದು. 12 ನಿಯಾನ್ ಟೆಟ್ರಾ, 6 ಗಪ್ಪಿ, ಎರಡು ಟೈಗರ್ ಶಾರ್ಕ್. ಶಾರ್ಕ್ ಆಗ ನನ್ನ ಹೆಬ್ಬೆರಳಿನಷ್ಟು ಇದ್ದವು. "ಪಾಪದ ಮೀನು ಸಾರ್, ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತವೆ" ಅಂದರು ಅಂಗಡಿಯವರು.

ಈಗ ದೀಪಾವಳಿ ಮುಗಿದಿದೆ. ಒಂದೊಂದು ಶಾರ್ಕ್ ಆರು ಇಂಚು. ನಿಯಾನ್ ಐದೇ ಉಳಿದಿವೆ. ಸತ್ತದ್ದು ಒಂದೂ ಸಿಗಲಿಲ್ಲ. ಫಿಲ್ಟರ್ ಬಿಚ್ಚಿ ನೋಡಿದೆ, ಟ್ಯಾಂಕಿನ ಹಿಂದೆ ನೆಲದ ಮೇಲೂ ಹುಡುಕಿದೆ. ಮೊನ್ನೆ ಬೆಳಗಿನ ಜಾವ ಎದ್ದು ಲೈಟ್ ಹಾಕಿದರೆ ಎರಡೂ ಬೆದರಿ ಗಾಜಿಗೆ ಢೀ ಹೊಡೆದವು. ಒಂದರ ಬಾಯಿಂದ ಗಪ್ಪಿಯ ಕಿತ್ತಳೆ ಬಣ್ಣದ ಬಾಲ ಹೊರಗೆ ಕಾಣುತ್ತಿತ್ತು. ಬಾಲ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಮಗಳು ಏಳುವ ಮೊದಲೇ ಲೈಟ್ ಆರಿಸಿಬಿಟ್ಟೆ.

ಹೊಟ್ಟೆ ತುಂಬ ತಿನ್ನಿಸಿದರೆ ಸುಮ್ಮನಿರುತ್ತವಾ? ನಡುವೆ ಗಾಜು ಇಡಲಾ? ಕೆರೆಗೆ ಬಿಟ್ಟುಬಿಡು ಅಂತ ನಮ್ಮ ಭಾವ ಹೇಳುತ್ತಿದ್ದಾರೆ. ಮಗಳು ಶಾರ್ಕ್‌ಗಳಿಗೆ ರಾಮ, ಲಕ್ಷ್ಮಣ ಅಂತ ಹೆಸರಿಟ್ಟಿದ್ದಾಳೆ. ಅವಕ್ಕೂ ತೊಂದರೆ ಆಗಬಾರದು.

ಮೀಸೆಮೀನು ಮೈಸೂರು:
ನಿಮ್ಮ ರಾಮ, ಲಕ್ಷ್ಮಣ ಶಾರ್ಕೇ ಅಲ್ಲ, ಕ್ಯಾಟ್‌ಫಿಶ್. ಬಾಯಿಯ ಪಕ್ಕ ಸಣ್ಣ ಮೀಸೆ ನೋಡಿ. ಮೆಕಾಂಗ್ ನದಿಯ ಪಂಗಾಸಿಯಸ್ ಇದು. ವಿಯೆಟ್ನಾಂನಲ್ಲಿ ಇದನ್ನೇ ಸಾಕಿ ಮಾಂಸ ರಫ್ತು ಮಾಡುತ್ತಾರೆ. ಪೂರ್ತಿ ಬೆಳೆದರೆ ಒಂದು ಮೀಟರ್ ದಾಟುತ್ತದೆ. ನಿಮ್ಮ ಟ್ಯಾಂಕ್ ಉದ್ದವೇ 60 ಸೆಂಟಿಮೀಟರ್, ಅಲ್ವಾ?

ಟ್ಯಾಂಕ್ ಅಳತೆಗೆ ಬೆಳೆಯುತ್ತವೆ ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ. ಇಕ್ಕಟ್ಟಿನಲ್ಲಿ ನೀರು ಕೆಡುತ್ತದೆ, ಅಮೋನಿಯಾ ಏರುತ್ತದೆ, ಮೀನು ನರಳಿ ಕುಗ್ಗುತ್ತದೆ. ಅದು ಬೆಳವಣಿಗೆ ನಿಂತದ್ದಲ್ಲ, ಕಾಯಿಲೆ. 2009ರಲ್ಲಿ ನಾನೂ ಒಂದನ್ನು ಮೂರು ಅಡಿ ಟ್ಯಾಂಕಿನಲ್ಲಿ ಇಟ್ಟಿದ್ದೆ. ಯಾರಾದರೂ ಬಾಗಿಲು ಹಾಕಿದರೂ ಸಾಕು, ಗಾಜಿಗೆ ನುಗ್ಗುತ್ತಿತ್ತು. ಮೂತಿಯ ಗಾಯ ಕೊನೆಗೂ ಮಾಯಲಿಲ್ಲ. ಇವತ್ತಿಗೂ ಅದು ನನ್ನ ಕಣ್ಣ ಮುಂದಿದೆ.

ಹೊಟ್ಟೆ ತುಂಬಿಸಿದರೂ ತಿನ್ನೋದು ನಿಲ್ಲೋದಿಲ್ಲ. ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಊಟ. ಕತ್ತಲಾದ ಮೇಲೆ ನಿಯಾನ್ ಅಲುಗಾಡದೆ ನಿಲ್ಲುತ್ತವೆ, ಇವು ಆಗ ಚುರುಕಾಗುತ್ತವೆ. ಇಡಿಯಾಗಿ ನುಂಗುತ್ತವೆ, ಅದಕ್ಕೇ ನಿಮಗೆ ಸತ್ತ ಮೀನು ಸಿಗದಿರೋದು. ಗಾಜು ಇಟ್ಟರೆ ನಿಯಾನ್ ಉಳಿಯಬಹುದು, ಆದರೆ ಶಾರ್ಕ್‌ಗೆ ಒಂದೇ ಅಡಿ ಜಾಗ. ಅದು ಬೇಡ. ಇವತ್ತೇ ಬೇರೆ ಟಬ್‌ಗೆ ಹಾಕಿ, ಫಿಲ್ಟರ್ ಇಡಿ, ಮೇಲೆ ಭದ್ರವಾಗಿ ಮುಚ್ಚಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಾಯಿಸಿ. ಬಲೆಯಲ್ಲಿ ಹಿಡಿಯಬೇಡಿ. ಪಕ್ಕದ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ರೆಕ್ಕೆ ಹರಿಯುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಕೆರೆಗೆ ಮಾತ್ರ ಬಿಡಲೇಬೇಡಿ. ಗಾಜಿನ ಪಾಚಿ ತಿನ್ನಲಿ ಅಂತ ಟ್ಯಾಂಕಿಗೆ ತಂದು, ಆಮೇಲೆ ಹಾಗೆ ಬಿಟ್ಟ ಸಕ್ಕರ್ ಮೀನು ಇವತ್ತು ಕೇರಳ, ಆಂಧ್ರ, ಕೋಲ್ಕತ್ತಾದ ನೀರಿನಲ್ಲೆಲ್ಲ ತುಂಬಿಕೊಂಡಿವೆ, ಬಲೆ ಹಾಕಿದವರು ಬೈದುಕೊಳ್ಳುತ್ತಿದ್ದಾರೆ.

ಹಿರಿಯೂರು ತೋಟ:
ಅಣ್ಣಾ, ನಮ್ಮ ತೋಟದಲ್ಲಿ ಕೃಷಿ ಹೊಂಡ ಇದೆ. ಪ್ಲಾಸ್ಟಿಕ್ ಹಾಸಿದ್ದು. ಒಳಗೆ ಕಾಟ್ಲಾ, ರೋಹು ಇವೆ, ಎಲ್ಲಾ ಅಂಗೈಗಿಂತ ದೊಡ್ಡವು. ಎರಡನ್ನೂ ತಂದು ಬಿಡಿ, ನಾನು ನೋಡಿಕೊಳ್ಳುತ್ತೇನೆ.

ಮೀಸೆಮೀನು ಮೈಸೂರು:
ಮಳೆಗೆ ಹೊಂಡ ತುಂಬಿ ಹರಿದರೆ ಹಳ್ಳಕ್ಕೆ ಸೇರುತ್ತವಲ್ಲ?

ಹಿರಿಯೂರು ತೋಟ:
ನಮ್ಮ ಕಡೆ ತುಂಬೋದೇ ಕಷ್ಟ ಸರ್. ಬೋರ್‌ವೆಲ್ ನೀರು ಬಿಟ್ಟೇ ಮಟ್ಟ ಕಾಯ್ದುಕೊಳ್ಳುತ್ತೇವೆ. ಏರಿ ಎರಡು ಅಡಿ ಎತ್ತರ ಇದೆ, ಸುತ್ತ ಬಲೆಯೂ ಕಟ್ಟಿದ್ದೇವೆ.

ಶಿವಮೊಗ್ಗ ಅಕ್ವೇರಿಯಂ:
ನಾನು ಅಂಗಡಿ ಇಟ್ಟವನು. ಕೊಡುವ ಮೊದಲು ಟ್ಯಾಂಕ್ ಎಷ್ಟು ಅಡಿ ಅಂತ ಕೇಳೋದು ನಮ್ಮ ಕೆಲಸ. ಮಗಳಿಗೆ ಮೀಸೆ ಮೀನೇ ಬೇಕಿದ್ದರೆ ಕೋರಿಡೋರಾಸ್ ತನ್ನಿ. ಎರಡು ಮೂರು ಇಂಚಿಗೆ ನಿಲ್ಲುತ್ತದೆ, ನಿಯಾನ್ ತಂಟೆಗೆ ಹೋಗುವುದಿಲ್ಲ. ಆದರೆ ಒಂದೋ ಎರಡೋ ತರಬೇಡಿ, ಆರು ತನ್ನಿ. ಗುಂಪಿನಲ್ಲಿದ್ದರೇ ಅವಕ್ಕೆ ಧೈರ್ಯ. ಚೂಪು ಕಲ್ಲಿದ್ದರೆ ತೆಗೆದು ನಯವಾದ ಮರಳು ಹಾಕಿ. ಮೂತಿ ಮರಳಲ್ಲಿ ಹೂತು ಆಹಾರ ಹುಡುಕುತ್ತವೆ, ಕಲ್ಲಿಗೆ ಉಜ್ಜಿದರೆ ಮೀಸೆ ಹಾಳು. ಸಕ್ಕರ್ ಬೇಡ, ಅದೂ ಒಂದಡಿ ಮೇಲೆ ಬೆಳೆಯುತ್ತದೆ.

ತುಮಕೂರಿನವ:
ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಹಿರಿಯೂರಿಗೆ ಹೋಗಿ ಬಂದೆವು. ಹಿಂದಿನ ದಿನ ಆಹಾರ ಹಾಕಲಿಲ್ಲ. 20 ಲೀಟರ್ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ಮುಚ್ಚಳಕ್ಕೆ ತೂತು ಮಾಡಿ, ಬ್ಯಾಟರಿ ಪಂಪ್ ಹಾಕಿದ್ದೆ. ಮಗಳು ದಾರಿಯುದ್ದಕ್ಕೂ ಮುಚ್ಚಳದ ಮೇಲೆ ಕೈ ಇಟ್ಟೇ ಕೂತಿದ್ದಳು. ತೋಟದ ಅಣ್ಣ ಹೊಂಡದ ನೀರನ್ನು ಒಂದೊಂದೇ ಲೋಟ ಬಕೆಟ್‌ಗೆ ಸೇರಿಸುತ್ತಾ ಅರ್ಧ ಗಂಟೆ ಕಾದರು. ಆಮೇಲೆ ಬಕೆಟ್ ಓರೆ ಮಾಡಿದಾಗ ರಾಮ ತಕ್ಷಣ ಹೋದ. ಲಕ್ಷ್ಮಣ ಸ್ವಲ್ಪ ಹೊತ್ತು ಅಂಚಿನಲ್ಲೇ ನಿಂತಿದ್ದು ಅವನ ಹಿಂದೆಯೇ ಹೋದ.

ಐದು ನಿಯಾನ್ ಇಷ್ಟು ದಿನ ಮೂಲೆಯ ಗಿಡದ ಹಿಂದೆಯೇ ಇರುತ್ತಿದ್ದವು. ನಿನ್ನೆ ಸಂಜೆ ಟ್ಯಾಂಕಿನ ನಡುವೆ ಬಂದು ಈಜಿದವು. ಮಗಳು ಕೂಗಿ ಕರೆದು ತೋರಿಸಿದಳು. ಮರಳು ಬದಲಾಯಿಸಿದ ಮೇಲೆ ಕೋರಿಡೋರಾಸ್ ತರಲು ಎಷ್ಟು ದಿನ ಕಾಯಬೇಕು?