ಟಂಕಸಾಲಿ ಗುರುತೋ, ಖರೇ ಎರರ್ರೋ? ಕಾಕಾರನ್ನ ಕೇಳ್ರಿ

ಅಡ್ಮಿನ್: ಬೆಳಗಾವ್ಯಾಗ ಹಳೇ ನಾಣ್ಯದ ವ್ಯಾಪಾರ ಮಾಡೋ ನಮ್ಮ ಕಾಕಾ ಇವತ್ತು ರಾತ್ರಿ ಹತ್ತರ ತನಕ ಉತ್ತರ ಕೊಡ್ತಾರ. ಎರರ್ ಅಂದ್ರ ಟಂಕಸಾಲ್ಯಾಗ ತಪ್ಪಾಗಿ ಅಚ್ಚಾದ ನಾಣ್ಯ. ಎರಡೂ ಕಡೀದು ಫೋಟೋ ಹಾಕ್ರಿ.

ಗೋಕಾಕ: ಕಾಕಾ ನಮಸ್ಕಾರ್ರಿ. ಒಂದ್ ರೂಪಾಯಿಗೆ ಇಸವಿ ಕೆಳಗ ಚುಕ್ಕಿ ಐತಿ, ಇನ್ನೊಂದಕ್ಕ ಏನೂ ಇಲ್ಲ. ಇಲ್ಲದ್ದು ಎರರ್ ಏನ್ರಿ?

ಕಾಕಾ: ಅಲ್ಲಪ್ಪ, ಅದು ಟಂಕಸಾಲಿ ಗುರುತು, ನಾಣ್ಯ ಎಲ್ಲಿ ಹೊಡೆದ್ರು ಅಂತ ಹೇಳತೈತಿ. ದುಂಡ ಚುಕ್ಕಿ ನೋಯ್ಡಾ, ಡೈಮಂಡ್ ಮುಂಬೈ, ನಕ್ಷತ್ರ ಇದ್ರ ಹೈದರಾಬಾದ್, ಏನೂ ಇಲ್ಲಂದ್ರ ಕೋಲ್ಕತ್ತಾ.

ಬಾಗಲಕೋಟಿ: 1985ರ ರೂಪಾಯಿಗೆ ಇಸವಿ ಕೆಳಗ ಇಂಗ್ಲಿಷ್ ಎಚ್ ಅಕ್ಷರ ಐತ್ರಿ. ಮೂರು ಲಕ್ಷ ಬರತೈತಿ ಅಂತ ವಿಡಿಯೋದಾಗ ಹೇಳ್ಯಾರ.

ಕಾಕಾ: ಎಚ್ ಅಂದ್ರ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲಿ, ಹೊರದೇಶದಾಗ ಮಾಡಿಸಿದ್ದು. ಎರರ್ ಅಲ್ಲ, ಲಕ್ಷನೂ ಇಲ್ಲ.

ಜಮಖಂಡಿ: ಕಾಕಾ, 2011ರ ನಂತರದ ಮಾದರಿ ಎರಡ್ ರೂಪಾಯಿ. ಎರಡೂ ಕಡಿ ಸಿಂಹ, ಒಂದು ಕಡಿ ಉಲ್ಟಾ, ತಗ್ಗಿನಾಗ ಐತಿ. ಒಬ್ರು ಎಂಟು ಸಾವಿರ ಕೇಳಾಕತ್ತಾರ, ನಾಳೆ ರೊಕ್ಕ ಕೊಡೋದೈತಿ.

ಕಾಕಾ: ತಮ್ಮಾ, ಮೊದಲ ರೊಕ್ಕ ತಡಿ. ಇಂಥಾ ಎರರ್‌ಗೆ ಬ್ರೋಕೇಜ್ ಅಂತಾರ. ಖರೇ ಬ್ರೋಕೇಜ್ ಹೆಂಗ ಆಗತೈತಿ ಅಂದ್ರ, ಹೊಡೆದ ನಾಣ್ಯ ಒಂದು ಡೈಗೆ, ಅಂದ್ರ ಅಚ್ಚಿಗೆ, ಅಂಟಿ ಉಳೀತೈತಿ, ಅದರ ಮುಂದ ಹೊಸ ಬಿಲ್ಲಿ, ಅಂದ್ರ ಇನ್ನೂ ಅಚ್ಚಾಗದ ಲೋಹದ ತುಂಡು, ಬಂದು ಕೂಡತೈತಿ, ಹೊಡೆತ ಬಿದ್ದಾಗ ಒಂದು ಕಡಿ ಡೈಯಿಂದ ಸಿಂಹ ಉಬ್ಬಿ ಬರತೈತಿ, ಇನ್ನೊಂದು ಕಡಿ ಆ ಅಂಟಿದ ನಾಣ್ಯದ ಸಿಂಹನ ಕನ್ನಡಿಯೊಳಗಿನಂಗ ಉಲ್ಟಾ ಆಗಿ ತಗ್ಗಿಗೆ ಇಳೀತೈತಿ. ಆ ಕಡೀ ಡೈ ಬಿಲ್ಲಿಗೆ ಮುಟ್ಟಿರಂಗೇ ಇಲ್ಲ. ಅಂದ್ಮ್ಯಾಲೆ ಆ ಡೈದಾಗಿನ ಇಸವಿ, 2 ಅಂಕಿ ಎಲ್ಲೂ ಇರಬಾರದು. ನಿನ್ನ ಫೋಟೋದಾಗ ಉಲ್ಟಾ ಸಿಂಹದ ಬೆನ್ನಿಗೆ 2ರ ಬಾಗು ಮಸುಕಾಗಿ ಕಾಣಾಕತ್ತೈತಿ. ತಯಾರಾದ ಎರಡು ನಾಣ್ಯ ಜೋಡಿಸಿ, ಲೋಹ ಬಿಗಿಹಿಡಿಯೋ ವೈಸ್‌ನ್ಯಾಗ ಇಟ್ಟು ಬಿಗಿದ್ರ ಹಿಂಗ ಆಗತೈತಿ, ಹಳೇ ಅಚ್ಚು ಅಡಿಗೆ ಉಳೀತೈತಿ, ಹಿಂದಿನ ಕಡಿ ಚಪ್ಪಟಿ ಆಗತೈತಿ. ತೂಕ ಮಾಡಿ ತೋರಿಸಿದ್ರ ನಂಬಬ್ಯಾಡ, ವೈಸ್‌ದಾಗ ತೂಕ ಕಡಿಮಿ ಆಗಂಗಿಲ್ಲ. ಓರೆ ಬೆಳಕಿನಾಗ ಮತ್ತೊಂದು ಫೋಟೋ ತಗದು ಕಳಿಸು.

ಚಿಕ್ಕೋಡಿ: ನನ್ನ ನಾಣ್ಯಕ್ಕ ಇಸವಿ ಕೆಳಗ ಡೈಮಂಡ್ ಐತಿ, ಎರರ್ರಾ?

ಕಾಕಾ: ಮ್ಯಾಲೆ ಓದ್ರಿ.

ಅಥಣಿ: ಸಿಂಹದ ಮುಖದ ಮ್ಯಾಲೆ ಗೆರಿ ಐತ್ರಿ.

ಕಾಕಾ: ಉಬ್ಬಿದ್ರ ಡೈ ಸೀಳಿದ್ದು, ತಗ್ಗಿದ್ರ ಯಾರೋ ಗೀಚಿದ್ದು.

ವಿಜಯಪುರ: ಅಜ್ಜನ ಪೆಟ್ಟಿಗ್ಯಾಗ ಆದಿಲಶಾಹಿ ತಾಮ್ರದ ನಾಣ್ಯ ಸಿಕ್ಕದ್ರಿ. ಅಕ್ಷರ ಅರ್ಧಕ್ಕ ಕತ್ತರಿಸಿಹೋಗ್ಯಾವ. ಇದು ಎರರ್ ಏನ್ರಿ?

ಮುಧೋಳ: ಅಕ್ಕಾರ, ಮೊದಲ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕ್ರಿ, ಫಳಫಳ ಆಗತೈತಿ, ವಾಟ್ಸಾಪ್‌ನ್ಯಾಗ ಬಂದದ್ದು.

ಕಾಕಾ: ತಿಕ್ಕಬ್ಯಾಡ್ರಿ!! ಆ ಕಂದು ಪೊರಿನೇ ಅದರ ವಯಸ್ಸು. ಅದು ಹೋದ್ರ ಮತ್ತ ಬರಂಗಿಲ್ಲ. ಫಾರ್ವರ್ಡ್ ನೋಡಿ ನಾಣ್ಯ ಹಾಳ್ಮಾಡಿದವರು ತಿಂಗಳಿಗೆ ಇಬ್ರಾದ್ರೂ ನನ್ನ ಹತ್ರ ಬರ್ತಾರ. ಅಕ್ಕಾರ, ಆಗ ಕೈಲೆ ಹೊಡೀತಿದ್ರು, ಅಚ್ಚು ದೊಡ್ಡದು, ತಾಮ್ರದ ತುಂಡು ಸಣ್ಣದು, ಅರ್ಧ ಅಕ್ಷರ ಸಹಜ.

ಮುಧೋಳ: ನಮ್ಮವ್ವ ತಾಮ್ರದ ಚರಿಗಿ ಹಂಗ ತಿಕ್ತಾಳ, ಏನಾಗೇತಿ?

ಅಥಣಿ: ಚರಿಗಿ ನೀರಿಗೆ, ನಾಣ್ಯ ಸಂಗ್ರಹಕ್ಕ. ಕಾಕಾ ಹೇಳಿದ್ದು ಕೇಳ್ರಿ ಸ್ವಲ್ಪ.

ಮುಧೋಳ: ನೀವು ನನಗ ಕಲಿಸಬ್ಯಾಡ್ರಿ.

ಇಂಡಿ: ಜಗಳ ಬಿಡ್ರಿ, ಹತ್ತು ಗೆರಿ ಇರೋ ಹತ್ತ್ ರೂಪಾಯಿ ಖೋಟಾನೋ ಅಲ್ಲೋ? ಇಲ್ಲಿ ಅಂಗಡ್ಯಾವ್ರು ತೊಗೊಳ್ಳವಲ್ರು.

ಅಥಣಿ: 2018ರಾಗ ರಿಸರ್ವ್ ಬ್ಯಾಂಕ್ 14 ಮಾದರಿನೂ ನಡೀತಾವ ಅಂತ ಹೇಳೈತಿ.

ಇಂಡಿ: ಅದನ್ನ ಅಂಗಡಿಯವನಿಗೆ ಹೇಳ್ರಿ ನೀವೇ ಬಂದು.

ಹುನಗುಂದ: ವೈಷ್ಣೋದೇವಿ ನಾಣ್ಯಕ್ಕ ಹತ್ತು ಲಕ್ಷ ಕೊಡ್ತೀವಿ, ಮೊದಲ ರಿಸರ್ವ್ ಬ್ಯಾಂಕ್ ಚಾರ್ಜ್ ಕಟ್ರಿ ಅಂತ ಫೋನ್ ಬಂತ್ರಿ.

ಕಾಕಾ: ಕಟ್ಟಬ್ಯಾಡ. 2021ರ ಆಗಸ್ಟ್‌ದಾಗ ರಿಸರ್ವ್ ಬ್ಯಾಂಕೇ ಹೇಳೈತಿ, ಈ ವ್ಯವಹಾರದಾಗ ನಾವಿಲ್ಲ, ಯಾವ ಕಮಿಷನ್ನೂ ಕೇಳಂಗಿಲ್ಲ ಅಂತ. 2012ರ ನಾಣ್ಯ ಅದು, ಹತ್ತು ಲಕ್ಷದ್ದಲ್ಲ.

ಬಾದಾಮಿ: ಕಾಕಾ, ಕಿನಾರಿ ಒಂದು ಕಡಿ ಕತ್ತರಿಸಿದಂಗ ಇರೋ ಐದ್ ರೂಪಾಯಿ ಐತಿ, ಫೋಟೋ ಹಾಕೀನಿ.

ಚಿಕ್ಕೋಡಿ: ಕಾಕಾ, ಡೈಮಂಡ್?

ಕಾಕಾ: ಮೂರನೇ ಸಲ ಹೇಳಂಗಿಲ್ಲ.

ಮುಧೋಳ: ಕೇಳಿದ್ರ ಸಿಟ್ಟಾಗ್ತಾರ. ಯಾಕ ಕೂತಾರ ಮತ್ತ?

ಅಡ್ಮಿನ್: ಮುಧೋಳದವ್ರ, ಸಾಕು.

ಜಮಖಂಡಿ: ಓರೆ ಬೆಳಕಿನ ಫೋಟೋ ಹಾಕೀನ್ರಿ.

ಕಾಕಾ: 2 ಪೂರಾ ಕಾಣತೈತಿ ತಮ್ಮಾ, ಇಸವಿದೂ ಎರಡು ಅಂಕಿ. ವೈಸ್ ಕೆಲಸ.

ಜಮಖಂಡಿ: ಎರಡು ಸಾವಿರ ಅಡ್ವಾನ್ಸ್ ಕೊಟ್ಟೀನ್ರಿ ಕಾಕಾ.

ಕಾಕಾ: ನಾಳೆ ಹನ್ನೊಂದಕ್ಕ ಅಂಗಡಿಗೆ ಬಾ. ನಾನೂ ನಿನ್ನ ಜೋಡಿ ಬರ್ತೀನಿ, ಅವನ ಎದುರಿಗೇ ತೋರಿಸೋಣ.